ಅಕ್ಷರ ಗುಂಡಿನ ಮೇಲೆ ಚಪಡನ ಹೆಸರು ಓದಿದ್ದು

ನಾನು ಬೋರ್ಡ್ ಬರೆಯುವವನು. ದಾವಣಗೆರೆ ಮಂಡಿಪೇಟೆ ಸುತ್ತಮುತ್ತ 26 ವರ್ಷದಿಂದ ಅಂಗಡಿ ಬೋರ್ಡು, ಗೋಡೆ ಬರಹ, ಲಾರಿ ಹಿಂದಿನ ಹೆಸರು, ಎಲ್ಲಾ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯ್ತು, ಸಂಜೆ ಹೊತ್ತು ಕೈ ಖಾಲಿ. ಆ ಸಂಜೆಗಳಲ್ಲೇ ನಾನು ಅಶೋಕನ ಕಾಲದ ಬ್ರಾಹ್ಮಿ ಲಿಪಿ ಕಲಿತೆ. ಕಲಿತು ಬ್ರಹ್ಮಗಿರಿಗೆ ಹೋಗಿ, ಅಶೋಕನ ಶಾಸನದ ಒಂದಷ್ಟು ಭಾಗವನ್ನು ಕಲ್ಲಿನ ಮೇಲೇ ಓದಿದೆ. ಅದರ ಕೊನೇ ಪದದ ವಿಷಯ ನಮ್ಮ ಕಡೆಯವರಿಗೇ ಜಾಸ್ತಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬ್ರಹ್ಮಗಿರಿ ಇರುವುದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಪಕ್ಕದ ಊರಿನ ಹೆಸರೇ ಅಶೋಕ ಸಿದ್ದಾಪುರ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನವನ್ನು ಪತ್ತೆ ಮಾಡಿದರು. ಯಾರಿಗೂ ಓದಲು ಬಾರದಿದ್ದ ಬ್ರಾಹ್ಮಿಯ ಗುಟ್ಟನ್ನು ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರಲ್ಲಿ. ರೈಸ್ ಬೆಂಗಳೂರಲ್ಲಿ ಹುಟ್ಟಿದ್ದೂ ಅದೇ 1837ರಲ್ಲಿ! ಇದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಕಲಿತದ್ದು ಹೇಗೆ ಅಂದ್ರೆ, ಅಕ್ಷರಪಟ್ಟಿ ಬಾಯಿಪಾಠ ಮಾಡಲಿಲ್ಲ. ಹಳೇ ಪೇಪರಿನ ಮೇಲೆ ಬ್ರಷ್ಷಿನಲ್ಲಿ ಬರೆದೆ, ದಿನಕ್ಕೆ ಮೂರು ಅಕ್ಷರ, ನಮ್ಮ ಕಸುಬಿನಲ್ಲಿ ಹುಡುಗರಿಗೆ ಕಲಿಸುವ ಹಾಗೇ ಆಕಾರ ನೋಡಿ ಗುಂಪು ಮಾಡಿಕೊಂಡು. ಬ್ರಾಹ್ಮಿಗೆ ತಲೆಕಟ್ಟು ಇಲ್ಲ. ಕ ಅಂದ್ರೆ ಕೂಡಿಸುವ ಗುರುತು. ಠ ಬರೀ ಸೊನ್ನೆ, ಥ ಒಳಗೆ ಚುಕ್ಕಿ ಇಟ್ಟ ಸೊನ್ನೆ. ರ ಒಂದು ನಿಂತ ಗೀಟು. ಇನ್ನು ಗ ನೋಡಿ, ಡೇರೆ ಹೊಡೆದ ಹಾಗಿದೆ. ನಮ್ಮ ಗ ಬರೆದು ತಲೆಕಟ್ಟು ಅಳಿಸಿ, ಅದೇ ಅಲ್ವಾ? ಇಷ್ಟು ವರ್ಷ ಸಾವಿರಾರು ಸಲ ಗ ಬರೆದಿದ್ದೇನೆ, ಅದು ಎರಡು ಸಾವಿರ ವರ್ಷಕ್ಕೂ ಹಳೇ ಗೆರೆ ಅಂತ ಆವತ್ತೇ ಗೊತ್ತಾಗಿದ್ದು. ಸ್ವರಗಳೂ ಸುಲಭ. ಇಳಿ ಅಂದ್ರೆ ತಲೆ ಹತ್ತಿರ ಬಲಕ್ಕೊಂದು ಗೀಟು, ಏತ್ವ ಎಡಕ್ಕೆ, ಕೊಂಬು ಕಾಲ ಬುಡದಲ್ಲಿ. ತೊಂದರೆ ಇರುವುದು ಒತ್ತಿನಲ್ಲಿ, ಒಂದೇ ಅಕ್ಷರ ಎರಡು ಸಲ ಬಂದರೆ ಅದನ್ನು ಒಂದೇ ಬರೆಯುತ್ತಾರೆ, ಪುತ್ತ ಅನ್ನುವುದು ಪುತ ಆಗಿರುತ್ತೆ. ಭಾಷೆ ಪ್ರಾಕೃತ, ಅದು ನನಗೆ ಬರಲ್ಲ. ಕನ್ನಡ ಅಕ್ಷರದಲ್ಲಿ ಅಚ್ಚಾದ ಪಾಠ, ಅದರ ಅರ್ಥ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಕೂತೆ.

ಮೊದಲ ಸಲ ಹೋದಾಗ ಸುಡು ಮಧ್ಯಾಹ್ನ. ಕುರಿ ಕಾಯುತ್ತಿದ್ದ ಒಬ್ಬ ಅಜ್ಜ, "ಅಕ್ಷರ ಗುಂಡಾ ಸಾರ್? ಅಗೋ, ಅಲ್ಲೈತೆ ನೋಡ್ರಿ" ಅಂತ ಕೈ ತೋರಿಸಿದರು. ಆ ಬಂಡೆಗೆ ಜನ ಕರೆಯುವ ಹೆಸರೇ ಅಕ್ಷರ ಗುಂಡು. ಕಲ್ಲು ಒರಟು, ಬೆಳಕು ಸಮನಾಗಿ ಬಿದ್ದರೆ ಗೀಟು ಯಾವುದು ಬಿರುಕು ಯಾವುದು ತಿಳಿಯಲ್ಲ. ನಾಲ್ಕು ಅಕ್ಷರ ಓದಿ ವಾಪಸ್ ಬಂದೆ. ಎರಡನೇ ಸಲ ಚಳ್ಳಕೆರೆಯಲ್ಲಿ ರಾತ್ರಿ ಉಳಿದು ಬೆಳಗ್ಗೆ ಬೇಗ ಹೋದೆ, ಟಾರ್ಚ್ ಹಿಡಿದು ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟೆ. ಅಕ್ಷರದ ಹಳ್ಳದಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಬಂದವು. ಹೋಗುವವರು ದಯವಿಟ್ಟು ಸೀಮೆಸುಣ್ಣ, ಪುಡಿ, ನೀರು ಏನನ್ನೂ ಹಚ್ಚಬೇಡಿ. ಓರೆ ಬೆಳಕು ಸಾಕು.

ಶುರುವಿನಲ್ಲೇ ಸುವಂಣಗಿರಿ, ಆಮೇಲೆ ಇಸಿಲ. ಸುವರ್ಣಗಿರಿಯ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಹೇಳಿಕಳಿಸಿದ ಮಾತು ಇದು. ಅಪ್ಪಣೆಗೆ ಮೊದಲು ಒಂದು ಪದ ಬರುತ್ತೆ: ಆರೋಗಿಯಂ. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಷಯ. ನಮ್ಮಜ್ಜ ಕಾಗದ ಬರೆಯುತ್ತಿದ್ದದ್ದೂ ಹೀಗೇ.

ಮಧ್ಯದಲ್ಲಿ 256 ಅನ್ನುವ ಸಂಖ್ಯೆ ಇದೆ. ಆಗಿನ್ನೂ ಸ್ಥಾನ ನೋಡಿ ಬೆಲೆ ಕಟ್ಟುವ ಪದ್ಧತಿ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. 200ಕ್ಕೆ ಒಂದು ಗುರುತು, 50ಕ್ಕೆ ಇನ್ನೊಂದು, 6ಕ್ಕೆ ಮತ್ತೊಂದು. ಬುದ್ಧ ತೀರಿಕೊಂಡು 256 ವರ್ಷ ಅಂತ ಮೊದಲು ಕೆಲವರು ಅರ್ಥ ಮಾಡಿದ್ದರು. ಆದರೆ ಇದೇ ಶಾಸನದ ಬಿಹಾರದ ಸಹಸ್ರಾಮ್ ಪ್ರತಿಯಲ್ಲಿ ರಾತ್ರಿ ಅನ್ನುವ ಪದ ಇರುವುದರಿಂದ, ಪ್ರವಾಸದಲ್ಲಿ ಕಳೆದ 256 ರಾತ್ರಿ ಅನ್ನುವ ಅರ್ಥ ನಿಂತಿದೆ. ನನಗೂ ಇದೇ ಸರಿ ಅನಿಸುತ್ತೆ. ಮುಂದೆ ತಂದೆತಾಯಿಯ ಮಾತು ಕೇಳು, ನಿಜ ಹೇಳು, ಶಿಷ್ಯ ಗುರುವನ್ನು ಗೌರವಿಸಲಿ ಅಂತಿದೆ.

ನಾನು ಕಾಯುತ್ತಿದ್ದದ್ದು ಕೊನೇ ಸಾಲಿಗೆ. "ಚಪಡೇನ ಲಿಖಿತೇ ಲಿಪಿಕರೇಣ". ಚಪಡ ಅನ್ನುವ ಲಿಪಿಕಾರ ಬರೆದದ್ದು. ಮೊದಲ ಅಕ್ಷರವನ್ನು ವ ಅಂತ ಓದಿಬಿಟ್ಟೆ. ಗೀಟಿನ ಕೆಳಗೆ ಪೂರ್ತಿ ಸೊನ್ನೆ ಇದ್ದರೆ ವ, ಎಡಕ್ಕೆ ಅರ್ಧ ಹೊಟ್ಟೆ ಇದ್ದರೆ ಚ. ಟಾರ್ಚನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿದ ಮೇಲೆ ಹೊಟ್ಟೆ ಎಡಕ್ಕೇ ಉಳಿಯಿತು. ಚ. ಚಪಡ.

ಈ ಕಲ್ಲಿನಲ್ಲಿ ಅಶೋಕ ಅನ್ನುವ ಹೆಸರಿಲ್ಲ, ದೇವಾನಾಂಪ್ರಿಯ ಅಂತ ಬಿರುದು ಮಾತ್ರ. ಅಶೋಕ ಅನ್ನುವ ಹೆಸರೇ ಇರುವ ಶಾಸನ ಮೊದಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಬ್ರಹ್ಮಗಿರಿಯಲ್ಲಿ ರಾಜನ ಹೆಸರಿಲ್ಲ, ರಾಜಕುಮಾರನ ಹೆಸರೂ ಇಲ್ಲ, ಇರುವುದು ಬರೆದವನ ಹೆಸರು. ಉಳಿ ಹಿಡಿದವನು ಬೇರೆಯವನೂ ಇರಬಹುದು, ಬರಹ ಚಪಡನದು.

ಲಿಪಿಕರೇಣ ಅನ್ನುವ ಆ ಒಂದು ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ. ಅದು ಖರೋಷ್ಠಿ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಇದು ಬಳಕೆಯಲ್ಲಿದ್ದದ್ದು ದೂರದ ಗಾಂಧಾರದ ಕಡೆ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿ, ಮಾನ್ಸೆಹ್ರಾದ ಅಶೋಕನ ಶಾಸನಗಳು ಇರುವುದು ಇದರಲ್ಲೇ. ಚಪಡ ಆ ಕಡೆಯವನೋ, ಆ ಕಡೆ ಕಲಿತವನೋ ಇರಬೇಕು. ಮೊಳಕಾಲ್ಮೂರಿನಲ್ಲಿ ಆಗ ಖರೋಷ್ಠಿ ಓದುವವರು ಯಾರಿದ್ದರು? ಆದರೂ ತನ್ನ ಕಸುಬಿನ ಹೆಸರನ್ನು ಅದರಲ್ಲೇ ಬರೆದ. ನಾವೂ ಬೋರ್ಡಿನ ಕೆಳಗಿನ ಮೂಲೆಯಲ್ಲಿ ಸಣ್ಣಕ್ಕೆ ಹೆಸರು ಹಾಕುತ್ತೇವೆ, ಅಂಗಡಿಯವರು ನೋಡಲ್ಲ, ಇನ್ನೊಬ್ಬ ಬರೆಯುವವನು ನೋಡುತ್ತಾನೆ. ನಾನು ಕಲ್ಲಿನ ಮುಂದೆ ನಿಂತು ನೋಡಿದ್ದು ಹಾಗೆಯೇ.

ಅಲ್ಲೇ ಕೂತು ನೋಟ್‌ಬುಕ್ ತೆಗೆದು, ಆ ಐದು ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದೆ. ಎರಡು ಸಲ ಗೀಟು ಅಡ್ಡಾದಿಡ್ಡಿ ಹೋಯಿತು. ಮೂರನೇ ಸಲಕ್ಕೆ ಕೈ ಒಲಿಯಿತು.