ಕೊಯ್ಲಿಗೆ ಎಷ್ಟು ಜನ ಬೇಕು? ಕಾಫಿ ತೋಟದಲ್ಲಿ ದತ್ತಾಂಶ ವಿಜ್ಞಾನ ಬಳಸಿದ ನನ್ನ ಅನುಭವ

ಕೊಡಗಿನ ಅಮ್ಮತ್ತಿ ಸುತ್ತಿನ ನಮ್ಮ ಕುಟುಂಬದ ತೋಟದಲ್ಲಿ ರೊಬಸ್ಟಾ ಹೆಚ್ಚು, ಅರೇಬಿಕಾ ಸ್ವಲ್ಪ. ಲೈನ್ ಮನೆಗಳಲ್ಲಿರುವ (ತೋಟದೊಳಗಿನ ಸಾಲುಮನೆಗಳ) ಕಾರ್ಮಿಕರಷ್ಟೇ ಕೊಯ್ಲಿಗೆ ಸಾಲುವುದಿಲ್ಲವಾದ್ದರಿಂದ ಮುಂದಿನ ವಾರಕ್ಕೆ ಹೊರಗಿನಿಂದ ಎಷ್ಟು ಜನ ಬರಬೇಕೆಂದು ಈ ವಾರದ ಕೊನೆಯಲ್ಲೇ ಗುತ್ತಿಗೆದಾರರಿಗೆ ಹೇಳಬೇಕಾಗುತ್ತದೆ. ಆ ಒಂದು ಸಂಖ್ಯೆಯನ್ನು ನಿರ್ಧರಿಸಲು ಕಾರ್ಯಾಚರಣಾ ನಿರ್ವಹಣೆಯ ಈಚಿನ ಸಂಶೋಧನೆಯನ್ನು ನಾನು ಹೇಗೆ ಬಳಸಿಕೊಂಡೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಆಧಾರವಾದದ್ದು ಗಾ-ಯಿ ಬಾನ್ ಮತ್ತು ಸಿಂಥಿಯಾ ರೂಡಿನ್ ಅವರು 2019ರಲ್ಲಿ 'ಆಪರೇಷನ್ಸ್ ರಿಸರ್ಚ್' ನಿಯತಕಾಲಿಕದಲ್ಲಿ ಪ್ರಕಟಿಸಿದ ಪ್ರಬಂಧ. ನಾಳೆ ಎಷ್ಟು ಪ್ರತಿ ಮಾರಾಟವಾಗುತ್ತದೆಂದು ತಿಳಿಯದೆಯೇ ಇಂದು ಪತ್ರಿಕೆಗಳನ್ನು ಕೊಳ್ಳಬೇಕಾದ ವ್ಯಾಪಾರಿಯ ಸಮಸ್ಯೆ ಈ ಶಾಸ್ತ್ರದಲ್ಲಿ ಬಹಳ ಹಳೆಯದು. ಕಡಿಮೆ ಬಿದ್ದರೆ ಆಗುವ ನಷ್ಟವನ್ನು, ಕಡಿಮೆ ಬಿದ್ದಾಗಿನ ಮತ್ತು ಹೆಚ್ಚಾದಾಗಿನ ನಷ್ಟಗಳ ಮೊತ್ತದಿಂದ ಭಾಗಿಸಿದರೆ ಬರುವ ಅನುಪಾತವೇ ಬೇಡಿಕೆಯ ಯಾವ ಮಟ್ಟಕ್ಕೆ ಸಿದ್ಧರಿರಬೇಕೆಂಬುದನ್ನು ಹೇಳುತ್ತದೆ. ಬಾನ್ ಮತ್ತು ರೂಡಿನ್ ಮೊದಲು ಬೇಡಿಕೆಯನ್ನು ಮುನ್ಸೂಚಿಸಿ ಆಮೇಲೆ ನಿರ್ಧರಿಸುವ ಎರಡು ಹೆಜ್ಜೆಗಳನ್ನು ಬಿಟ್ಟು, ಲಭ್ಯ ಮಾಹಿತಿಯಿಂದ ನಿರ್ಧಾರವನ್ನೇ ನೇರವಾಗಿ ಕಲಿಯುವ ವಿಧಾನಗಳನ್ನು ಕೊಟ್ಟರು. ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಎಷ್ಟು ದಾದಿಯರನ್ನು ನೇಮಿಸಬೇಕೆಂಬ ಪ್ರಶ್ನೆಗೆ ಅವುಗಳನ್ನು ಅನ್ವಯಿಸಿದಾಗ, ಅವುಗಳಲ್ಲಿ ಅತ್ಯುತ್ತಮವಾದವು ಹೋಲಿಕೆಗೆ ಇಟ್ಟುಕೊಂಡಿದ್ದ ಉತ್ತಮ ಪದ್ಧತಿಗಿಂತ ವೆಚ್ಚವನ್ನು ಶೇ 23 ಮತ್ತು ಶೇ 24ರಷ್ಟು ತಗ್ಗಿಸಿದವು. ದಾದಿಯರ ಜಾಗದಲ್ಲಿ ಕೊಯ್ಲಿನವರನ್ನೂ ಬೇಡಿಕೆಯ ಜಾಗದಲ್ಲಿ ಆ ವಾರ ಕೊಯ್ಯಬೇಕಾದ ಹಣ್ಣನ್ನೂ ಇಟ್ಟರೆ ಪ್ರಶ್ನೆ ಬಹುಮಟ್ಟಿಗೆ ನಮ್ಮದೇ ಆಗುತ್ತದೆ.

ನಷ್ಟದ ಲೆಕ್ಕ ಹಾಕುವುದೇ ಈ ಕೆಲಸದ ಅತಿ ಮುಖ್ಯ ಭಾಗವೆಂದು ನನ್ನ ದೃಢವಾದ ಅಭಿಪ್ರಾಯ. ಜನ ಹೆಚ್ಚಾದರೆ ಜೀಪಿನ ಬಾಡಿಗೆ ಮತ್ತು ದಿನಗೂಲಿಯ ಜೊತೆಗೆ ಇನ್ನೊಂದು ಹಾನಿಯೂ ಇದೆ: ಹಣ್ಣು ಸಾಲದಿದ್ದಾಗ ತೂಕ ತುಂಬಿಸಲು ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ, ಗುಣಮಟ್ಟ ಕುಸಿಯುತ್ತದೆ. ಜನ ಕಡಿಮೆಯಾದರೆ ಆಗುವ ನಷ್ಟ ತಳಿಗೆ ತಕ್ಕಂತೆ ಬದಲಾಗುತ್ತದೆ. ಅರೇಬಿಕಾ ಹಣ್ಣಾದ ಮೇಲೆ ಬೇಗ ಉದುರುತ್ತದೆ, ಉದುರಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಉಳಿದುಕೊಳ್ಳುತ್ತದೆ. ರೊಬಸ್ಟಾ ಗಿಡದಲ್ಲೇ ಒಣಗುತ್ತಾ ಕೆಲವು ವಾರ ಕಾಯುತ್ತದೆ. ಆದರೆ ಫೆಬ್ರವರಿ ಮುಗಿಯುತ್ತಾ ಬಂದಂತೆ ರೊಬಸ್ಟಾದ ಲೆಕ್ಕವೂ ಬದಲಾಗುತ್ತದೆ, ಏಕೆಂದರೆ ಕೊಯ್ಲು ಮುಗಿಯುವ ಮೊದಲೇ ಹೂ ಮಳೆ (ಕಾಫಿಯ ಮೊಗ್ಗು ಅರಳಿಸುವ ಮಳೆ) ಬಿದ್ದರೆ ಮುಂದಿನ ವರ್ಷದ ಮೊಗ್ಗು ಮತ್ತು ಹೂವಿನ ನಡುವೆಯೇ ಕೈ ಹಾಕಿ ಕೊಯ್ಯಬೇಕಾಗುತ್ತದೆ. ಆದ್ದರಿಂದ ರೊಬಸ್ಟಾಕ್ಕೆ ಜನವರಿಯ ಆರಂಭದಲ್ಲಿ ಎರಡೂ ನಷ್ಟಗಳನ್ನು ಸಮವೆಂದು ಹಿಡಿದು 0.5ರ ಅನುಪಾತವನ್ನೂ, ಫೆಬ್ರವರಿಯ ಕೊನೆಗೆ ಕೊರತೆಯ ನಷ್ಟ ಮೂರು ಪಟ್ಟು ಎಂದು ಹಿಡಿದು 0.75ರ ಅನುಪಾತವನ್ನೂ ಇಟ್ಟುಕೊಂಡಿದ್ದೇನೆ. 0.75 ಎಂದರೆ ಅಂಥ ನಾಲ್ಕು ವಾರಗಳಲ್ಲಿ ಮೂರು ವಾರ ಜನ ಸಾಕಾಗುವಂತೆ ಕರೆಸುವುದು. ಸರಾಸರಿ ಬೆಳೆಯನ್ನು ಎಷ್ಟೇ ನಿಖರವಾಗಿ ಮುನ್ಸೂಚಿಸಿದರೂ ಈ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ದತ್ತಾಂಶ ತೋಟದಲ್ಲೇ ಇತ್ತು. ಕೊಡಗಿನ ಅನೇಕ ತೋಟಗಳಂತೆ ನಮ್ಮಲ್ಲೂ ಹಿರಿಯರ ಕಾಲದಿಂದ ಇಂಚು-ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಪುಸ್ತಕವಿದೆ. ರೈಟರ್ (ತೋಟದ ಗುಮಾಸ್ತ) ಬರೆಯುವ ಚೆಕ್‌ರೋಲ್‌ನಲ್ಲಿ ಪ್ರತಿದಿನದ ಹಾಜರಿಯೂ, ಕೊಯ್ಲಿನ ಪುಸ್ತಕದಲ್ಲಿ ಬ್ಲಾಕುವಾರು (ತೋಟದ ಭಾಗವಾರು) ತೂಕವೂ ಇವೆ. ಇವುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಹೂ ಅರಳಿದ ದಿನಾಂಕ. ರೊಬಸ್ಟಾ ಹೂವಿನಿಂದ ಹಣ್ಣಿಗೆ ಸುಮಾರು ಹತ್ತು-ಹನ್ನೊಂದು ತಿಂಗಳು, ಅರೇಬಿಕಾಕ್ಕೆ ಎಂಟು-ಒಂಬತ್ತು ತಿಂಗಳು ಬೇಕು. ಸ್ಪ್ರಿಂಕ್ಲರ್ ಹಾಕಿದ ಬ್ಲಾಕುಗಳು ಒಂದೊಂದು ದಿನ ಅರಳುವುದರಿಂದ ಹಣ್ಣಾಗುವ ಸರದಿಯೂ ಆಗಲೇ ನಿಗದಿಯಾಗಿಬಿಡುತ್ತದೆ. ಹೂವಿನ ದಿನಾಂಕ, ಆಮೇಲಿನ ಬ್ಯಾಕಿಂಗ್ ಮಳೆ (ಹೂ ಕಾಯಿ ಕಟ್ಟಲು ನೆರವಾಗುವ ಮಳೆ), ಮುಂಗಾರಿನ ಒಟ್ಟು ಮಳೆ, ಹಿಂದಿನ ವಾರದ ಕೊಯ್ಲು ಮತ್ತು ಬ್ಲಾಕ್, ಇಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಂಡೆ.

ಈ ಪುಸ್ತಕಗಳು ಹೇಳದ ಒಂದು ಸಂಗತಿಯನ್ನು ಬಗೆಹರಿಸಲು ಮಾತ್ರ ಹೆಚ್ಚು ಶ್ರಮ ಬೇಕಾಯಿತು. ಕೊಯ್ಲಿನ ಪುಸ್ತಕದಲ್ಲಿರುವುದು ಕೊಯ್ದ ಹಣ್ಣಿನ ತೂಕವೇ ಹೊರತು ಗಿಡದಲ್ಲಿ ಮಾಗಿದ್ದ ಹಣ್ಣಿನ ತೂಕವಲ್ಲ. ಹುತ್ತರಿ ಹಬ್ಬದ ವಾರದಲ್ಲಿ ಜನ ಬಾರದೆ ಅರೇಬಿಕಾದ ತೂಕ ಇಳಿದಿದ್ದರೆ, ಆ ವಾರ ಬೇಡಿಕೆಯೇ ಕಡಿಮೆ ಇತ್ತೆಂದು ಯಂತ್ರ ಕಲಿತುಕೊಳ್ಳುತ್ತದೆ, ಮುಂದಿನ ವರ್ಷವೂ ಕಡಿಮೆ ಜನರನ್ನೇ ಸೂಚಿಸುತ್ತದೆ. ಅಂಗಡಿಯಲ್ಲಿ ಸರಕು ಖಾಲಿಯಾದ ದಿನದ ಮಾರಾಟವನ್ನು ಬೇಡಿಕೆಯೆಂದು ಓದಬಾರದೆಂಬುದು ದಾಸ್ತಾನು ಸಂಶೋಧನೆಯಲ್ಲಿ ಚೆನ್ನಾಗಿ ಚರ್ಚೆಯಾದ ವಿಷಯ. ನಮಗೆ ಒಂದು ಅನುಕೂಲವಿತ್ತು: ಅದೇ ಬ್ಲಾಕಿನ ಮುಂದಿನ ಸುತ್ತಿನಲ್ಲಿ ಬಂದ ಅತಿಯಾಗಿ ಮಾಗಿದ ಹಣ್ಣನ್ನೂ ನೆಲದಿಂದ ಹೆಕ್ಕಿದ ಹಣ್ಣನ್ನೂ ರೈಟರ್ ಬೇರೆಯಾಗಿ ತೂಗಿಸಿ ಬರೆಸುತ್ತಿದ್ದರು. ಆ ತೂಕವನ್ನು ಹಿಂದಿನ ವಾರಕ್ಕೆ ಸೇರಿಸಿ ನಿಜವಾದ ಬೇಡಿಕೆಯನ್ನು ಮರಳಿ ಕಟ್ಟಿದೆ. ಈ ತಿದ್ದುಪಡಿಯಿಲ್ಲದೆ ಎಂಥ ಮಾದರಿ ಬಳಸಿದರೂ ಫಲವಿಲ್ಲ.

ಮಾದರಿಯ ಆಯ್ಕೆ ಸುಲಭವಾಯಿತು. ರ‍್ಯಾಂಡಮ್ ಫಾರೆಸ್ಟ್‌ನಂಥ ಹೆಚ್ಚು ದತ್ತಾಂಶ ಬೇಡುವ ಯಂತ್ರಕಲಿಕೆಯ ವಿಧಾನಗಳಿಗೆ ನಮ್ಮ ತೋಟದ ದಾಖಲೆ ಚಿಕ್ಕದು. ಬಾನ್ ಮತ್ತು ರೂಡಿನ್ ಅವರ ವಿಧಾನಗಳಲ್ಲಿ ಒಂದನ್ನು ಆರಿಸಿಕೊಂಡೆ: ಬರುವ ವಾರವನ್ನು ಹೋಲುವ ಹಿಂದಿನ ವಾರಗಳಿಗೆ ಹೋಲಿಕೆಗೆ ತಕ್ಕಷ್ಟು ಪ್ರಾಮುಖ್ಯ ಕೊಟ್ಟು, ಅವುಗಳ ಬೇಡಿಕೆಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಅನುಪಾತ ಸೂಚಿಸುವ ಸ್ಥಾನದ ಸಂಖ್ಯೆಯನ್ನು ತೆಗೆದುಕೊಳ್ಳುವುದು. ಇದನ್ನು ಸ್ಪ್ರೆಡ್‌ಶೀಟ್‌ನಲ್ಲೇ ಮಾಡಬಹುದು. ಯಾವ ವಾರಗಳನ್ನು ನೋಡಿ ಈ ಸಂಖ್ಯೆ ಬಂತೆಂದು ಯಾರಿಗೂ ತೋರಿಸಬಹುದು.

ಪರೀಕ್ಷೆಯಲ್ಲಿ ಕಟ್ಟುನಿಟ್ಟಾಗಿದ್ದೆ. ವಾರಗಳನ್ನು ಮನಬಂದಂತೆ ಕಲಸಿ ವಿಂಗಡಿಸಿದರೆ ಒಂದೇ ಕೊಯ್ಲಿನ ಮುಂದಿನ ವಾರಗಳು ಹಿಂದಿನ ವಾರಗಳಿಗೆ ಉತ್ತರ ಹೇಳಿಕೊಟ್ಟಂತಾಗುತ್ತದೆ. ಹಾಗಾಗಿ ಪ್ರತಿ ವರ್ಷವನ್ನೂ ಅದಕ್ಕಿಂತ ಹಿಂದಿನ ವರ್ಷಗಳ ಮಾಹಿತಿಯಿಂದಷ್ಟೇ ಪರೀಕ್ಷಿಸಿದೆ. 2018ರ ಆಗಸ್ಟಿನಲ್ಲಿ ಕೊಡಗನ್ನು ನಲುಗಿಸಿದ ಮಳೆಯ ವರ್ಷವನ್ನು ತೆಗೆದುಹಾಕಬೇಕೆಂಬ ಸಲಹೆ ಬಂತು. ಅತಿಮಳೆಯಲ್ಲಿ ಕೊಳೆರೋಗದಿಂದ ಕಾಯಿ ಉದುರುವುದು ಇಲ್ಲಿ ಮತ್ತೆ ಸಂಭವಿಸಬಹುದಾದದ್ದೇ ಆದ್ದರಿಂದ ನಾನು ಅದನ್ನು ಉಳಿಸಿಕೊಂಡೆ. ಮುಂಗಾರಿನ ಒಟ್ಟು ಮಳೆ ಲೆಕ್ಕದಲ್ಲಿರುವುದರಿಂದ ಸಾಮಾನ್ಯ ವರ್ಷಗಳಲ್ಲಿ ಅದರ ಪ್ರಭಾವ ತಾನಾಗಿಯೇ ತಗ್ಗುತ್ತದೆ.

ಕೊನೆಯ ಮಾತು ಮೇಸ್ತ್ರಿಯದು. ಅಲ್ಪಸ್ವಲ್ಪವಾದರೂ ತಿದ್ದುವ ಅವಕಾಶವಿದ್ದರೆ ಜನರು ಗಣಕದ ಸಲಹೆಯನ್ನು ಹೆಚ್ಚು ಒಪ್ಪುತ್ತಾರೆಂದು ಡೀಟ್‌ವಾರ್ಸ್ಟ್, ಸಿಮನ್ಸ್ ಮತ್ತು ಮ್ಯಾಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ನಮ್ಮ ಮೇಸ್ತ್ರಿ ಬ್ಲಾಕುಗಳನ್ನು ನಡೆದು ನೋಡಿ ಸಂಖ್ಯೆಯನ್ನು ಏರಿಸಬಹುದು, ಇಳಿಸಬಹುದು. ಕಾರಣವನ್ನು ಮಾತ್ರ ಚೆಕ್‌ರೋಲ್‌ನ ಬದಿಯಲ್ಲಿ ಬರೆಸುತ್ತೇನೆ. ಆನೆ ಬಂದಿದೆ, ಆ ಬ್ಲಾಕಿಗೆ ಈ ವಾರ ಜನ ಹೋಗುವಂತಿಲ್ಲ ಎಂಬಂಥ ಕಾರಣಗಳು ಯಾವ ಮಳೆ ಪುಸ್ತಕದಲ್ಲೂ ಸಿಗುವುದಿಲ್ಲ. ಹೀಗೆ ಸೇರಿದ ಟಿಪ್ಪಣಿಗಳಿಂದ ಆನೆ ಓಡಾಡಿದ ಬ್ಲಾಕುಗಳ ಅಂಕಣವೊಂದನ್ನು ಈಗ ಲೆಕ್ಕಕ್ಕೆ ಸೇರಿಸುತ್ತಿದ್ದೇನೆ. ಮುಂದಿನ ಜನವರಿಯ ರೊಬಸ್ಟಾ ಕೊಯ್ಲಿನಲ್ಲಿ ಅದನ್ನು ಬಳಸಲಿದ್ದೇವೆ.