ಚೆರ್ರಿ ಬಾರ್ಬ್ ಮೀನನ್ನು ಮನೆಯಲ್ಲೇ ಮರಿ ಮಾಡಿಸಿ

ಅಕ್ವೇರಿಯಂ ಅಂಗಡಿಗಳಲ್ಲಿ ಕೆಂಪಗೆ ಹೊಳೆಯುವ ಪುಟ್ಟ ಚೆರ್ರಿ ಬಾರ್ಬ್ ನೋಡಿರುತ್ತೀರಿ. ಉದ್ದ ಹೆಚ್ಚೆಂದರೆ 5 ಸೆಂ.ಮೀ. ಇದರ ತವರು ಶ್ರೀಲಂಕಾ. ಅಲ್ಲಿನ ನೈಋತ್ಯ ಭಾಗದ ಮಳೆಕಾಡುಗಳಲ್ಲಿ, ಕೆಲಣಿ ನದಿಯಿಂದ ನಿಲ್ವಲಾ ನದಿವರೆಗಿನ ಸಣ್ಣ ತೊರೆಗಳಲ್ಲಿ ಇದು ಬದುಕುತ್ತದೆ. ಮೇಲೆ ಮರಗಳ ನೆರಳು, ತಳದಲ್ಲಿ ಉದುರಿದ ಎಲೆ, ನಿಧಾನವಾಗಿ ಹರಿಯುವ ನೀರು ಇದಕ್ಕೆ ಬೇಕು. ಕಾಡು ಕಡಿದು ತೋಟ, ಮನೆ ಮಾಡಿದಂತೆಲ್ಲ ಆ ನೆರಳು ಹೋಗುತ್ತಿದೆ. ಸಾಲದ್ದಕ್ಕೆ ಅಕ್ವೇರಿಯಂ ವ್ಯಾಪಾರಕ್ಕಾಗಿಯೂ ಇದನ್ನು ತೊರೆಗಳಿಂದ ಹಿಡಿದಿದ್ದಾರೆ. ಅಳಿವಿನ ಭೀತಿ ಇರುವ ಮೀನುಗಳ ಸಾಲಿಗೆ ಇದೂ ಸೇರಿದೆ.

ಮನೆಯಲ್ಲಿ ಮರಿ ಮಾಡಿಸಿದರೆ ಆ ಕಾಡು ಉಳಿಯುವುದಿಲ್ಲ, ನಿಜ. ಆದರೆ ತೊರೆಗೆ ಬಲೆ ಹಾಕುವ ಅಗತ್ಯವಂತೂ ಇರುವುದಿಲ್ಲ. ಹಾಗಾಗಿ ಕೊಳ್ಳುವಾಗಲೇ ಕೇಳಿ: ಇದು ಫಾರಂ ಮೀನಾ, ಕಾಡಿನಿಂದ ಹಿಡಿದದ್ದಾ? ಫಾರಂ ಮೀನನ್ನೇ ತನ್ನಿ.

ತೊಟ್ಟಿ ಎರಡು ಅಡಿ ಉದ್ದ ಇದ್ದರೆ ಎಂಟು ಹತ್ತು ಮೀನು ಆರಾಮಾಗಿ ಇರುತ್ತವೆ. ಒಂದು ಗಂಡಿಗೆ ಎರಡು ಹೆಣ್ಣು ಇರಲಿ. ಗಂಡು ಕಡುಗೆಂಪು, ಸಪೂರ. ಹೆಣ್ಣು ಕಂದು ಛಾಯೆ, ಹೊಟ್ಟೆ ದುಂಡಗೆ. ಗಿಡ ಜಾಸ್ತಿ, ಬೆಳಕು ಕಡಿಮೆ ಇರಲಿ. ನೀರಿನ ಬಿಸಿ 24ರಿಂದ 26 ಡಿಗ್ರಿ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಿಟ್ಟು ಹಾಕಿ. ನಮ್ಮ ರಸ್ತೆ ಬದಿಯ ಬಾದಾಮಿ ಮರದ ಎಲೆ ಇದಕ್ಕೆ ಬಹಳ ಒಳ್ಳೆಯದು. ತಾನಾಗಿ ಉದುರಿ ಒಣಗಿದ ಎಲೆಯನ್ನು ತೊಳೆದು ಹಾಕಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೀನಿನ ಹೆದರಿಕೆ ಕಡಿಮೆಯಾಗುತ್ತದೆ.

ಮೊಟ್ಟೆ ಇಡಿಸಲು ಬೇರೆ ಸಣ್ಣ ತೊಟ್ಟಿ ಬೇಕು. 20 ಲೀಟರ್ ಆದರೂ ನಡೆಯುತ್ತದೆ. ತಳಕ್ಕೆ ಮರಳು ಬೇಡ. ಜಾವಾ ಮಾಸ್ ಎಂಬ ಪಾಚಿಯನ್ನು ಧಾರಾಳವಾಗಿ ತುಂಬಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅರ್ಧ ಆರ್‌ಒ ನೀರು ಬೆರೆಸಿ. ಫಿಲ್ಟರ್ ಸ್ಪಂಜಿನದೇ ಆಗಬೇಕು, ಬೇರೆಯದಾದರೆ ಮರಿಗಳನ್ನು ಎಳೆದುಕೊಂಡುಬಿಡುತ್ತದೆ.

ಅದಕ್ಕೆ ಮೊದಲು ಒಂದೆರಡು ವಾರ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಟ್ಟು ಚೆನ್ನಾಗಿ ತಿನ್ನಿಸಿ. ಸೊಳ್ಳೆ ಮರಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಹೆಣ್ಣಿನ ಹೊಟ್ಟೆ ತುಂಬಿಕೊಂಡಾಗ ಸಂಜೆ ಹೊತ್ತು ಜೋಡಿಯನ್ನು ಸಣ್ಣ ತೊಟ್ಟಿಗೆ ಬಿಡಿ. ಸಾಮಾನ್ಯವಾಗಿ ಬೆಳಗಿನ ಬೆಳಕು ಬಿದ್ದಾಗ ಗಂಡು ಅಟ್ಟಿಸಿಕೊಂಡು ಹೋಗುತ್ತದೆ, ಹೆಣ್ಣು ಪಾಚಿಯ ನಡುವೆ ಮೊಟ್ಟೆ ಚೆಲ್ಲುತ್ತದೆ. ಇನ್ನೂರು ಮೊಟ್ಟೆವರೆಗೂ ಇಡಬಹುದು. ಮುಗಿದ ಕೂಡಲೇ ಎರಡನ್ನೂ ಹೊರಗೆ ತೆಗೆಯಿರಿ. ತಡಮಾಡಿದರೆ ತಮ್ಮ ಮೊಟ್ಟೆಯನ್ನು ತಾವೇ ತಿಂದುಬಿಡುತ್ತವೆ.

ಆಮೇಲೆ ತೊಟ್ಟಿಗೆ ಪೇಪರ್ ಮುಚ್ಚಿ, ಜೋರು ಬೆಳಕು ತಾಗದಿರಲಿ. ಬೆಳ್ಳಗಾದ ಮೊಟ್ಟೆ ಕೆಟ್ಟಿದ್ದು, ತೆಗೆದುಬಿಡಿ. ಒಂದೆರಡು ದಿನದಲ್ಲಿ ಮರಿ ಹೊರಬರುತ್ತವೆ. ಶುರುವಿನಲ್ಲಿ ಗಾಜಿಗೋ ಪಾಚಿಗೋ ಅಂಟಿಕೊಂಡೇ ಇರುತ್ತವೆ. ಆಗ ಏನೂ ಹಾಕಬೇಡಿ, ಹೊಟ್ಟೆಯಲ್ಲಿರುವ ಭಂಡಾರವೇ ಸಾಕು. ಈಜಲು ಶುರು ಮಾಡಿದ ದಿನದಿಂದ ಊಟ ಬೇಕು. ಹೆಚ್ಚಿನವರ ಮರಿ ಸಾಯುವುದು ಇಲ್ಲೇ. ಬಾಯಿ ಅಷ್ಟು ಚಿಕ್ಕದು, ಅಂಗಡಿ ಪುಡಿ ಹಿಡಿಸುವುದಿಲ್ಲ. ಅದಕ್ಕೇ ಜೋಡಿ ಬಿಡುವ ಮೂರ್ನಾಲ್ಕು ದಿನ ಮೊದಲೇ ಒಂದು ಬಾಟಲಿಯಲ್ಲಿ ಹಳೆಯ ತೊಟ್ಟಿ ನೀರು ತುಂಬಿ, ಚೂರು ಬಾಳೆಹಣ್ಣಿನ ಸಿಪ್ಪೆ ಹಾಕಿ ಬೆಳಕಿನಲ್ಲಿಡಿ. ಮೊದಲು ನೀರು ಮಬ್ಬಾಗಿ ನಾರುತ್ತದೆ. ತಿಳಿಯಾಗುತ್ತಾ ಬಂದಾಗ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ತುಂಬಿರುತ್ತವೆ. ದಿನಕ್ಕೆ ಮೂರ್ನಾಲ್ಕು ಸಲ ಕೆಲವು ಹನಿ ಹಾಕಿ. ಒಂದು ವಾರದ ನಂತರ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ, ಆಗಷ್ಟೇ ಮೊಟ್ಟೆಯೊಡೆದ ಮರಿ ಕೊಡಬಹುದು. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಅನ್ನುವವರಿದ್ದಾರೆ. ನನ್ನ ಪ್ರಕಾರ ಬೇಡ, ನೀರು ಬೇಗ ಕೆಡುತ್ತದೆ. ದಿನವೂ ಸ್ವಲ್ಪ ನೀರನ್ನು ಸಣ್ಣ ಪೈಪಿನಿಂದ ಮೆಲ್ಲಗೆ ಬದಲಿಸಿ.

ಮರಿ ಜಾಸ್ತಿಯಾದರೆ ಗೆಳೆಯರಿಗೆ ಕೊಡಿ, ಅಂಗಡಿಗೆ ಕೊಡಿ. ಕೆರೆಗೆ, ಹಳ್ಳಕ್ಕೆ ಮಾತ್ರ ಖಂಡಿತ ಬಿಡಬೇಡಿ. ಕೊಲಂಬಿಯಾ, ಮೆಕ್ಸಿಕೊಗಳಲ್ಲಿ ಹೀಗೆ ಹೊರಗಿನಿಂದ ಬಂದ ಚೆರ್ರಿ ಬಾರ್ಬ್ ನೆಲೆಯೂರಿದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಆ ಹೊಳೆಗಳದ್ದೇ ಆದ ಬಾರ್ಬ್‌ಗಳಿವೆ. ತೊಟ್ಟಿಯ ರೋಗ ಅವಕ್ಕೆ ಅಂಟಬಾರದು ಅಲ್ವಾ? ಮರಿ ಕೊಡುವಾಗ ಪಡೆಯುವವರಿಗೂ ಈ ಮಾತು ಹೇಳಿಯೇ ಕೊಡಿ.