ಬೇರ್ ಆಕ್ಟ್ ಇಲ್ಲದ ಕಾನೂನು: ಆಫ್ರಿಕಾದ ಕಸ್ಟಮರಿ ಲಾ ಓದೋಕೆ ಕೂತ ವಕೀಲರಿಗೆ

"ಸಾರ್, ಆಫ್ರಿಕನ್ ಕಸ್ಟಮರಿ ಲಾದು ಬೇರ್ ಆಕ್ಟ್ ಎಲ್ಲಿ ಸಿಗುತ್ತೆ?" ಅಂತ ನನ್ನ ಜೂನಿಯರ್ ಕೇಳಿದ್ಲು. ಕಸ್ಟಮರಿ ಲಾ ಅಂದ್ರೆ ಜನರ ರೂಢಿಯಿಂದ ಬಂದ ಪದ್ಧತಿ ಕಾನೂನು, ಬೇರ್ ಆಕ್ಟ್ ಅಂದ್ರೆ ಕಾಯ್ದೆಯ ಬರೀ ಪಠ್ಯ ಇರೋ ಪುಸ್ತಕ. ತುಮಕೂರಲ್ಲಿ ಕೂತ್ಕೊಂಡು ರಾತ್ರಿ ಹೊತ್ತು ದಕ್ಷಿಣ ಆಫ್ರಿಕಾದ ಲಾಯರ್‌ಗಳಿಗೆ ಕೇಸ್ ನೋಟ್ ಮಾಡಿಕೊಡೋ ಕೆಲಸ ಹಿಡ್ಕೊಂಡವಳೆ, ಈಗ ಇಂಥ ಕೆಲಸ ಸುಮಾರು ಹುಡುಗರು ಮಾಡ್ತಾರೆ, ಅದಕ್ಕೇ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ. ಬೇರ್ ಆಕ್ಟ್ ಇಲ್ಲಮ್ಮ ತಾಯಿ, ಅಲ್ಲಿಂದಲೇ ಪಾಠ ಶುರು.

ಮೊದಲು ದೇಶ ಯಾವುದು ಅಂತ ಕೇಳ್ಕೊಳ್ಳಿ, ಆಮೇಲೆ ಜನ ಯಾರು ಅಂತ. ಆಫ್ರಿಕಾ ಅಂದ್ರೆ ಒಂದೇ ಕಾನೂನು ಅನ್ನೋದು ಪಾವಗಡ ಕಟ್ಟೆಮನೆ ನಡಾವಳಿನ ಮಂಗಳೂರಿನ ಅಳಿಯಕಟ್ಟಿಗೆ ಹಚ್ಚಿದಂಗೆ. ಜುಲು, ಸೋಂಗಾ, ಲುವೋ, ಇಗ್ಬೋ ಅಂತ ಅಲ್ಲಿ ಒಂದೊಂದು ಜನ, ಎಲ್ಲರ ಪದ್ಧತಿನೂ ಬೇರೆ ಬೇರೆ. ದೇಶ ಗೊತ್ತಾದ ಮೇಲೆ ಅಲ್ಲಿ ಪದ್ಧತಿಗೆ ಎಷ್ಟು ಎತ್ತರದ ಕುರ್ಚಿ ಕೊಟ್ಟವ್ರೆ ನೋಡಿ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದ 211(3)ರಲ್ಲಿ ಕೋರ್ಟು ಅನ್ವಯ ಆಗೋ ಕಡೆ ಪದ್ಧತಿ ಕಾನೂನನ್ನ ಅನ್ವಯಿಸಲೇಬೇಕು ಅಂತಿದೆ, ಸಂವಿಧಾನಕ್ಕೂ ಆ ವಿಷಯದ ಕಾಯ್ದೆಗೂ ಒಳಪಟ್ಟು. ಕೀನ್ಯಾದ ಜುಡಿಕೇಚರ್ ಆಕ್ಟ್‌ನಲ್ಲಿ ಅಷ್ಟು ಗಟ್ಟಿ ಮಾತಿಲ್ಲ, ಸಿವಿಲ್ ಕೇಸಲ್ಲಿ ಪದ್ಧತಿ ದಾರಿ ತೋರಿಸ್ಲಿ, ಆದ್ರೆ ನ್ಯಾಯ ನೀತಿಗೆ ವಿರುದ್ಧ ಇರಬಾರದು, ಅಷ್ಟೇ. ಘಾನಾದ 1992ರ ಸಂವಿಧಾನ ಪದ್ಧತಿ ಕಾನೂನನ್ನ ದೇಶದ ಕಾಮನ್ ಲಾದ, ಅಂದ್ರೆ ಕಾಯ್ದೆಯಲ್ಲಿ ಬರೆಯದ ಕಾನೂನಿನ, ಒಳಗೇ ಸೇರಿಸ್ಕೊಂಡಿದೆ.

ಯಾವ ಕಾನೂನು ಹಚ್ಚೋದು ಅನ್ನೋ ಜಗಳಕ್ಕೆ ಕೀನ್ಯಾದ ಓಟಿಯೆನೊ ಕೇಸ್ ಓದಿ, ಕಥೆ ಥರ ಓದಿಸ್ಕೊಂಡು ಹೋಗುತ್ತೆ. ಓಟಿಯೆನೊ ನೈರೋಬಿಯ ದೊಡ್ಡ ವಕೀಲರು, ಲುವೋ ಜನ, 1986 ಡಿಸೆಂಬರ್‌ನಲ್ಲಿ ತೀರ್ಕೊಂಡ್ರು, ಹೆಂಡ್ತಿ ಕಿಕುಯು ಅನ್ನೋ ಬೇರೆ ಜನ. ನೈರೋಬಿ ಹತ್ರ ನಮ್ಮ ಜಮೀನಲ್ಲೇ ಮಣ್ಣು ಮಾಡ್ತೀನಿ ಅಂತ ಹೆಂಡ್ತಿ, ಇಲ್ಲ ಹುಟ್ಟೂರು ನ್ಯಾಲ್ಗುಂಗಾಕ್ಕೆ ಬರ್ಬೇಕು ಅಂತ ಕುಲದವರು. ಹೆಣ ಐದು ತಿಂಗಳು ಶವಾಗಾರದಲ್ಲಿತ್ತು! ಸಿಟಿಯಲ್ಲಿ ನೆಲೆಸಿ ಸೂಟು ಹಾಕಿ ಇಂಗ್ಲಿಷ್ ಬದುಕು ಬದುಕಿದ್ರೆ ಕುಲದ ಪದ್ಧತಿ ಕಳಚಿ ಬೀಳುತ್ತಾ ಅನ್ನೋದು ಪ್ರಶ್ನೆ. ಬೀಳಲ್ಲ ಅಂತು ಕೋರ್ಟು, 1987 ಮೇನಲ್ಲಿ ಊರಲ್ಲೇ ಮಣ್ಣಾಯ್ತು.

ಈಗ ನಮ್ಮ ಕಡೆ ವಕೀಲರು ಎಡವೋ ಜಾಗಕ್ಕೆ ಬರ್ತೀನಿ. ನಮಗೆ ಕಸ್ಟಮ್ ಅಂದ ಕೂಡ್ಲೇ ಹಿಂದೂ ವಿವಾಹ ಕಾಯ್ದೆ 1955ರ 3(ಎ) ಬಾಯಿಗೆ ಬರುತ್ತೆ, ಬಹುಕಾಲದಿಂದ, ಎಡೆಬಿಡದೆ, ಒಂದೇ ಸಮ ನಡ್ಕೊಂಡು ಬಂದಿರ್ಬೇಕು ಅಂತ. ಹಳೇದಾದಷ್ಟೂ ಬೆಲೆ. ದಕ್ಷಿಣ ಆಫ್ರಿಕಾದಲ್ಲಿ ಈ ಲೆಕ್ಕ ತಲೆಕೆಳಗು, ಅಲ್ಲಿ ಕೋರ್ಟು ಹುಡುಕೋದು ಲಿವಿಂಗ್ ಕಸ್ಟಮರಿ ಲಾ, ಅಂದ್ರೆ ಜನ ಈಗ ಏನು ಮಾಡ್ತಾವ್ರೆ ಅನ್ನೋದು. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳು ಮುಖಂಡರನ್ನ ಕೂರಿಸ್ಕೊಂಡು ಕೇಳಿ ಬರ್ಕೊಂಡಿದ್ದು, ಆಮೇಲೆ ಕೋಡ್ ಅಂತ ಪ್ರಿಂಟ್ ಆಗಿದ್ದು, ಅದು ಅಫಿಷಿಯಲ್ ಕಸ್ಟಮರಿ ಲಾ, ಅದನ್ನ ಕಣ್ಮುಚ್ಚಿ ನಂಬಬೇಡಿ. ಆ ಮುಖಂಡರಲ್ಲಿ ಹೆಂಗಸರು ಎಷ್ಟಿದ್ರು ಅಂತ ಒಂದ್ಸಲ ಯೋಚ್ನೆ ಮಾಡಿ, ಸಾಕು.

ಉದಾಹರಣೆಗೆ ಶಿಲುಬಾನಾ ಕೇಸು, 2008. ವಲೋಯಿ ಜನರ ಮುಖ್ಯಸ್ಥ 1968ರಲ್ಲಿ ಗಂಡು ಮಕ್ಕಳಿಲ್ಲದೆ ಸತ್ತ, ಗಾದಿ ತಮ್ಮನಿಗೆ ಹೋಯ್ತು. 1996ರಲ್ಲಿ ಮನೆತನದವರೇ ಕೂತು, ಇನ್ಮುಂದೆ ಹೆಣ್ಣೂ ಆಗಬಹುದು, ಸತ್ತ ಮುಖ್ಯಸ್ಥನ ಮಗಳು ಶಿಲುಬಾನಾಗೆ ಗಾದಿ ಬರ್ಬೇಕು ಅಂತ ನಿರ್ಣಯ ಮಾಡಿದ್ರು. ತಮ್ಮ ಸತ್ತ ಮೇಲೆ ಅವನ ಮಗ ಕೋರ್ಟಿಗೆ ಬಂದ, ಹಿಂದೆಂದೂ ಹೆಣ್ಣು ಕೂತಿಲ್ಲ ಅಂತ. ನಮ್ಮಲ್ಲಾದ್ರೆ ಅವನ ವಾದ ಬಲವಾಗಿರ್ತಿತ್ತು! ಸಂವಿಧಾನ ಕೋರ್ಟು ಮಾತ್ರ ಹಿಂದಿನ ನಡಾವಳಿನೂ ನೋಡ್ತೀವಿ, ಆದ್ರೆ ತಮ್ಮದೇ ಪದ್ಧತಿನ ಬದ್ಲಾಯಿಸ್ಕೊಳ್ಳೋ ಹಕ್ಕು ಆ ಜನಕ್ಕಿದೆ ಅಂದು ಮಗಳ ಕಡೆ ನಿಲ್ತು.

ಸಾಕ್ಷ್ಯದ ವಿಷಯದಲ್ಲಿ ಮಾತ್ರ ನಮ್ಮ ಅನುಭವ ಚೆನ್ನಾಗಿ ಕೆಲಸಕ್ಕೆ ಬರುತ್ತೆ. ನನ್ನದೇ ಒಂದು ಸೋಲು ಹೇಳ್ತೀನಿ, ಪಾವಗಡ ಕಡೆ ಕೇಸು, ಕುಲದ ಪಂಚಾಯ್ತಿಲಿ ಗಂಡ ಹೆಂಡ್ತಿ ಬಿಡುಗಡೆ ಪತ್ರ ಆಗಿದೆ ಅಂತ ನಮ್ಮ ವಾದ, ಯಜಮಾನ್ರನ್ನ ಸಾಕ್ಷಿ ಕಟ್ಟೆ ಹತ್ತಿಸಿದೆ. ಇದು ನಿಮ್ಮ ಕುಲದ ಪದ್ಧತಿನಾ ಅಂದೆ, ಹೌದು ಸ್ವಾಮಿ ತಾತನ ಕಾಲದಿಂದ್ಲೂ ಅಂದ್ರು, ನಾನು ಖುಷಿಯಾಗಿ ಕೂತೆ. ಪಾಟೀಸವಾಲಿಗೆ ಎದ್ದ ಎದುರು ವಕೀಲರು ಕೇಳಿದ್ದು ಒಂದೇ: "ಕೊನೇದಾಗಿ ಯಾರ ಮನೇದು ಆಯ್ತು, ಯಾವ ವರ್ಷ?" ಯಜಮಾನ್ರು ಟವೆಲ್ ಹೆಗಲಿಂದ ತೆಗೆದು ಮುಖ ಒರೆಸ್ಕೊಂಡ್ರು, ಮತ್ತೆ ಹೆಗಲಿಗೆ ಹಾಕ್ಕೊಂಡ್ರು, ಹೆಸರು ಬರ್ಲಿಲ್ಲ. ಕೇಸ್ ಹೋಯ್ತು.

ಅದಕ್ಕೇ ನೋಟ್ ಮಾಡುವಾಗ ಪದ್ಧತಿ ಏನು ಅಂತ ಒಂದು ಕಾಲಂ, ಯಾರ ಮನೇಲಿ ಯಾವಾಗ ನಡೀತು ಅಂತ ಇನ್ನೊಂದು ಕಾಲಂ ಹಾಕ್ಕೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ ಸುಲಭವಾಗಿ, ಖಚಿತವಾಗಿ ತಿಳಿಯೋ ಪದ್ಧತಿನ ಕೋರ್ಟು ತಾನೇ ಗಮನಕ್ಕೆ ತಗೋಬಹುದು, 1988ರ ಸಾಕ್ಷ್ಯ ತಿದ್ದುಪಡಿ ಕಾಯ್ದೆ ಹಾಗನ್ನುತ್ತೆ, ಇಲ್ಲಾಂದ್ರೆ ಸಾಕ್ಷಿ ತರ್ಬೇಕು. ಮಾಯೆಲಾನೆ ಕೇಸಲ್ಲಿ, 2013, ಎರಡನೇ ಮದುವೆಗೆ ಮೊದಲ ಹೆಂಡ್ತಿ ಒಪ್ಪಿಗೆ ಬೇಕಾ ಅಂತ ಪ್ರಶ್ನೆ ಬಂದಾಗ ಸಂವಿಧಾನ ಕೋರ್ಟೇ ಸೋಂಗಾ ಮುಖಂಡರು, ತಜ್ಞರು, ಬಹುಪತ್ನಿ ಸಂಸಾರದಲ್ಲಿ ಇರೋರು ಎಲ್ಲರ ಅಫಿಡವಿಟ್ ತರಿಸ್ಕೊಂಡು ಓದ್ತು, ಕೊನೆಗೆ ಒಪ್ಪಿಗೆ ಬೇಕು ಅಂತ್ಲೇ ಹೇಳ್ತು.

ಕೊನೆ ಜರಡಿ ಸಂವಿಧಾನದ್ದು, ಪದ್ಧತಿ ಅದಕ್ಕೆ ವಿರುದ್ಧ ಇದ್ರೆ ನಿಲ್ಲಲ್ಲ. ದಕ್ಷಿಣ ಆಫ್ರಿಕಾದ 2004ರ ಭೇ ಕೇಸಲ್ಲಿ ಅಪ್ಪ ಸತ್ತ ಇಬ್ಬರು ಹೆಣ್ಣುಮಕ್ಕಳ ಮನೆನ ತಾತ ಮಾರಕ್ಕೆ ಹೊರಟಿದ್ದ, ಹಿರಿ ಗಂಡಸಿಗೇ ಆಸ್ತಿ ಅನ್ನೋ ನಿಯಮ ಅಲ್ಲಿಗೆ ಬಿತ್ತು. ನೈಜೀರಿಯಾದ ಉಕೆಜೆ ಕೇಸಲ್ಲಿ 2014ರಲ್ಲಿ ಇಗ್ಬೋ ಹೆಣ್ಣುಮಕ್ಕಳಿಗೂ ಪಾಲು ಸಿಕ್ತು.

ಇಷ್ಟಾದ ಮೇಲೆ ಒಂದು ಮದುವೆ ಕೇಸ್ ಪೂರ್ತಿ ಬಿಡಿಸಿ ನೋಡಿ, ನಾನು ಜೂನಿಯರ್‌ಗೆ ಕೊಟ್ಟಿದ್ದು 2020ರ ಸಾಂಬೊ ವಿರುದ್ಧ ಸೆಂಗಾಡಿ. ದಕ್ಷಿಣ ಆಫ್ರಿಕಾದಲ್ಲಿ ಪದ್ಧತಿ ಮದುವೆಗೆ ಮಾನ್ಯತೆ ಕೊಡೋ 1998ರ ಕಾಯ್ದೆ ಕೇಳೋದು ಮೂರೇ, ಇಬ್ಬರಿಗೂ 18 ದಾಟಿರ್ಬೇಕು, ಒಪ್ಪಿಗೆ ಇರ್ಬೇಕು, ಪದ್ಧತಿ ಪ್ರಕಾರ ಮಾತುಕತೆಯಾಗಿ ಮದುವೆ ನಡೆದಿರ್ಬೇಕು. ರಿಜಿಸ್ಟರ್ ಆಗದಿದ್ರೂ ಮದುವೆ ಬೀಳಲ್ಲ. ಸೆಂಗಾಡಿಯ ಗಂಡ ಫೇಮಸ್ ಹಾಡುಗಾರ, 2018ರಲ್ಲಿ ಸತ್ತ, ಇವಳು ಹೆಂಡ್ತಿನೇ ಅಲ್ಲ ಅಂತ ಅವನಪ್ಪ ಸಾಂಬೊ ತಕರಾರು ತೆಗೆದ. ಲೊಬೊಲಾ, ಅಂದ್ರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡೋದು, ನಮ್ಮಲ್ಲಿ ಹಿಂದೆ ಇದ್ದ ತೆರದ ಥರ, 45,000 ರ‍್ಯಾಂಡ್‌ಗೆ ಮಾತಾಗಿ 30,000 ಕೊಟ್ಟಾಗಿತ್ತು, ಅದು ಪತ್ರದಲ್ಲಿದೆ. ಹೆಣ್ಣು ಒಪ್ಪಿಸೋ ಶಾಸ್ತ್ರವೇ ಆಗಿಲ್ಲವಲ್ಲ ಅಂದ ಅಪ್ಪ. ಕೋರ್ಟು ನೋಡಿದ್ದು ಮಾತುಕತೆ ಮುಗಿದ ದಿನವೇ ಗಂಡಿನ ಕಡೆ ಅತ್ತೆಯರು ಅವಳಿಗೆ ಗಂಡಿನ ಬಟ್ಟೆಗೆ ಮ್ಯಾಚ್ ಆಗೋ ಮದುವೆ ಬಟ್ಟೆ ಉಡಿಸಿ, ಬಂದವರಿಗೆಲ್ಲ ಇವಳು ನಮ್ಮನೆ ಸೊಸೆ ಅಂತ ತೋರಿಸಿದ್ದನ್ನ. ಒಪ್ಪಿಸೋ ಶಾಸ್ತ್ರ ಇಲ್ಲದೇ ಇದ್ರೂ ಮದುವೆ ಮದುವೆನೇ ಅಂತಾಯ್ತು. ಜೂನಿಯರ್ ಎರಡನೇ ಕಾಲಂನಲ್ಲಿ ಮೊದಲು ಬರ್ಕೊಂಡಿದ್ದೇ ಆ ಬಟ್ಟೆ.